ಮೆಟ್ಟಿಲಿಲ್ಲದ ನೀರು

ಫೆಬ್ರವರಿ ೯, ಭಾನುವಾರ
ಮಧ್ಯಾಹ್ನ, ಊಟ ಮುಗಿದ ಮೇಲೆ

ಪ್ರೀತಿಯ ತಂಗಿಗೆ,

ನೀನು, ನಿನ್ನ ಯಜಮಾನರು, ಮಗಳು ಚುಕ್ಕಿ ಮೂವರೂ ಚೆನ್ನಾಗಿದ್ದೀರಿ ಎಂದುಕೊಂಡೇ ಬರೆಯಲು ಕೂತಿದ್ದೇನೆ. ಇಲ್ಲಿ ನಿನ್ನ ಭಾವನ ಮಂಡಿನೋವೊಂದು ಬಿಟ್ಟರೆ ಎಲ್ಲರೂ ಗಟ್ಟಿಯಾಗಿದ್ದೇವೆ. ತಡ ಮಾಡಿದ್ದಕ್ಕೆ ಬೈದುಕೋ, ಬೈಸಿಕೊಳ್ಳಲು ತಯಾರಾಗಿದ್ದೇನೆ. ಚುಕ್ಕಿಯ ಗಾಲಿಕುರ್ಚಿ ಎಷ್ಟು ಅಗಲವಿದೆ ಎಂದು ಸೊಸೆಯ ಕೈಲಿ ಕೇಳಿಸಿ, ಉತ್ತರ ಬಂದ ಮೇಲೂ ನಾಲ್ಕು ತಿಂಗಳು ಬಾಯಿಗೆ ಹೊಲಿಗೆ ಹಾಕಿಕೊಂಡು ಕೂತುಬಿಟ್ಟೆ. "ಯಾಕಂತೆ, ಕುರ್ಚಿಗೆ ಗವಸು ಹೊಲೀತಾಳಂತಾ ನಿಮ್ಮತ್ತೆ?" ಎಂದು ನೀನು ಸೊಸೆಯನ್ನು ಕೇಳಿದೆಯಂತೆ. ಹೊಲಿದಿಲ್ಲ. ಅದಕ್ಕಿಂತ ದೊಡ್ಡದೇ ಆಗಿದೆ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು "ಹೂಂ, ಹೇಳಕ್ಕ" ಅಂದ ಕೂಡಲೇ ನನಗೆ ಹೇಳಬೇಕಾದ್ದು ಮರೆತು ಟೊಮೇಟೊ ಗಿಡದ ವಿಷಯ ಶುರುವಾಗುತ್ತದೆ. ಕಾಗದದಲ್ಲಿ ನೀನು ಹೂಂಗುಟ್ಟುವುದಿಲ್ಲ, ಅದೇ ಅನುಕೂಲ. ನಾನು ಬರೆಯುತ್ತಿರುವುದು ಒಂದೇ ಕಾರಣಕ್ಕೆ: ನೀನು ಚುಕ್ಕಿಯನ್ನು ಕರೆದುಕೊಂಡು ಈ ಮನೆಗೆ ಬರಬೇಕು. ನಮ್ಮ ಹಿತ್ತಿಲ ಮೆಟ್ಟಿಲಿಂದ ಅವಳು ಬಿದ್ದು ಆರು ವರ್ಷವಾಯಿತು. ಅಂದಿನಿಂದ ನೀನು ಈ ಹೊಸ್ತಿಲು ತುಳಿದಿಲ್ಲ. ನಿನಗೆ ಮನಸ್ಸಾಗುತ್ತಿಲ್ಲ ಎಂದು ಎಲ್ಲರಿಗೂ ಗೊತ್ತು, ಯಾರೂ ತಪ್ಪು ತಿಳಿದಿಲ್ಲ. ನಾನೂ ಒಂದು ದಿನ ಬಾಯಿಬಿಟ್ಟು ಬಾ ಎಂದು ಕರೆದಿಲ್ಲ. ಅದು ಯಾಕೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಅದನ್ನೂ ಹೇಳುತ್ತೇನೆ, ಆದರೆ ಮೊದಲು ನೀರಿನ ಸಮಾಚಾರ.

ನಮ್ಮ ಹಿತ್ತಿಲಲ್ಲಿ ಈಜುಕೊಳ ಕಟ್ಟಿಸಿದ್ದೇವೆ. ನಗಬೇಡ. ಸೊಸೆ ಶಾಲೆಯಲ್ಲಿ ಮಕ್ಕಳಿಗೆ ಈಜು ಕಲಿಸುವವಳು, ಮನೆಯಲ್ಲೊಂದು ಕೊಳ ಇರಬೇಕೆಂಬುದು ಅವಳ ಬಹಳ ದಿನದ ಆಸೆ. ನಿನ್ನ ಭಾವ ಅದನ್ನು ಇವತ್ತಿಗೂ ತೊಟ್ಟಿ ಎಂದೇ ಕರೆಯುವುದು. ಬಸ್ಸು ಓಡಿಸಿ ನಿವೃತ್ತರಾದ ಮನುಷ್ಯ, ಅವರಿಗೆ ರಸ್ತೆ ಗೊತ್ತು, ನೀರು ಗೊತ್ತಿಲ್ಲ.

ಎಂಥ ಕೊಳ ಎನ್ನುವುದಕ್ಕೆ ಮೂರು ವಾರ ಮನೆಯಲ್ಲಿ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಮಗನಿಗೆ ಒಂದು ಕೊನೆಯಲ್ಲಿ ಎಂಟಡಿ ಆಳ ಬೇಕು, ಧುಮುಕಲು ಹಲಗೆ ಬೇಕು. ಸೊಸೆಗೆ ನೇರವಾಗಿ ಉದ್ದಕ್ಕೆ ಈಜುವ ಹಾಗಿರಬೇಕು. ನಿನ್ನ ಭಾವನಿಗೆ ತರಕಾರಿ ಪಾತಿ ಉಳಿದರೆ ಸಾಕು. ನಾಲ್ಕು ವರ್ಷದ ಮೊಮ್ಮಗ ಗುಂಡನಿಗೆ ಅದರಲ್ಲಿ ಮೀನು ಬಿಡಬೇಕು, ದೊಡ್ಡ ಮೀನು. ನನ್ನನ್ನು ಕೇಳಿದರೆ ನಾನು "ನಿಮಗೆ ಹೇಗೆ ಅನುಕೂಲವೋ ಹಾಗೆ" ಎಂದು ಹೊಲಿಗೆ ಯಂತ್ರ ತುಳಿಯುತ್ತಾ ಕೂತಿರುತ್ತಿದ್ದೆ.

ಆಮೇಲೆ ಕೊಳ ಕಟ್ಟುವ ಮೇಸ್ತ್ರಿ ಬಂದರು. ಎರಡು ಕಿವಿಗೂ ಒಂದೊಂದು ಪೆನ್ಸಿಲ್ಲು ಸಿಕ್ಕಿಸಿಕೊಂಡಿರುತ್ತಾರೆ, ಮೂರನೆಯದನ್ನು ಹುಡುಕುತ್ತಿರುತ್ತಾರೆ. ಗುಂಡ ಅವರಿಗೆ ಪೆನ್ಸಿಲ್ ಮೇಸ್ತ್ರಿ ಎಂದು ಹೆಸರಿಟ್ಟ. ಊಟದ ಮೇಜಿನ ಮೇಲೆ ಚಿತ್ರಗಳ ಪುಸ್ತಕ ಬಿಡಿಸಿಟ್ಟು ಎಲ್ಲರ ಬೇಡಿಕೆಯನ್ನೂ ತಾಳ್ಮೆಯಿಂದ ಕೇಳಿದರು. ಆಮೇಲೆ ಪುಸ್ತಕ ಮುಚ್ಚಿ, "ಆಳ ಎಷ್ಟು ಅಂತ ಆಮೇಲೆ ನೋಡೋಣ. ಈ ನೀರಿಗೆ ಇಳಿಯೋರಲ್ಲಿ ಎಲ್ಲರಿಗಿಂತ ಕಷ್ಟಪಟ್ಟು ಇಳಿಯೋರು ಯಾರು, ಅದು ಹೇಳಿ. ಅವರಿಗೆ ಸರಿಹೋದ್ರೆ ಮಿಕ್ಕೋರಿಗೆ ತಾನಾಗೇ ಸರಿಹೋಗುತ್ತೆ" ಅಂದರು.

ಮಗ ಗುಂಡನನ್ನು ತೋರಿಸಿದ. ಸೊಸೆ ಮಾವನ ಮಂಡಿಯನ್ನು ನೆನಪಿಸಿದಳು. ನಾನು ಯಂತ್ರದ ಚಕ್ರ ಕೈಯಿಂದ ಹಿಡಿದು ನಿಲ್ಲಿಸಿ, "ನನ್ನ ತಂಗಿ ಮಗಳು" ಅಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ಈ ಮನೆಯಲ್ಲಿ ಆರು ವರ್ಷದಿಂದ ಅವಳ ಮಾತು ತೆಗೆಯದೆ ಇದ್ದವಳು ನಾನೇ ಅಲ್ಲವೇ. ಮೇಸ್ತ್ರಿಗೆ ಅದೇನೂ ಗೊತ್ತಿಲ್ಲ. "ಎಷ್ಟು ವಯಸ್ಸು?" ಎಂದು ಕೇಳಿದರು. ಹದಿನಾಲ್ಕು ಅಂದೆ. "ಮೆಟ್ಟಿಲು ಇಳೀತಾಳಾ?" ಎಂದರು. ಇಲ್ಲ, ಗಾಲಿಕುರ್ಚಿ ಅಂದೆ.

"ಹಾಗಾದ್ರೆ ಮೆಟ್ಟಿಲು ಬೇಡ, ಏಣಿ ಬೇಡ. ದಡದಿಂದ ನೀರಿಗೆ ನಡ್ಕೊಂಡು ಹೋಗೋ ಥರ ಇಳಿಜಾರು ಮಾಡೋಣ. ಹನ್ನೆರಡು ಅಡಿ ಹೋದ್ರೆ ಒಂದಡಿ ಇಳೀಬೇಕು, ಅದಕ್ಕಿಂತ ಕಡಿದಾಗಬಾರದು. ನೀರಿಗೇ ಅಂತ ಬೇರೆ ಕುರ್ಚಿ ಬರುತ್ತೆ ಅಮ್ಮ, ತುಕ್ಕು ಹಿಡಿಯಲ್ಲ. ಅದರಲ್ಲೇ ಕೂತು ಇಳೀಬಹುದು" ಎಂದರು ಮೇಸ್ತ್ರಿ.

ಆಗ ಸೊಸೆ ಮೆಲ್ಲಗೆ, "ಅತ್ತೆ, ನೀರಲ್ಲಿ ಮೈ ಹಗುರ ಆಗುತ್ತೆ. ಡಾಕ್ಟರು ಸರಿ ಅಂದ್ರೆ, ನಾವು ಹಿಡ್ಕೊಂಡ್ರೆ, ಚುಕ್ಕಿ ಸೊಂಟದ ಮಟ್ಟದ ನೀರಲ್ಲಿ ನಿಂತ್ಕೋಬಹುದೇನೋ" ಅಂದಳು. ಆ ಹುಡುಗಿಯ ಋಣ ನಾನು ಹೇಗೆ ತೀರಿಸಲಿ ಹೇಳು. ತನ್ನ ನೇರ ಉದ್ದದ ಕೊಳದ ಆಸೆಯನ್ನು ಆ ಕ್ಷಣದಲ್ಲೇ ಮಡಚಿ ಒಳಗಿಟ್ಟಳು, ಮತ್ತೆ ಒಂದು ದಿನವೂ ಅದರ ಮಾತೆತ್ತಲಿಲ್ಲ.

ಮಗ ಮಾತ್ರ ತನ್ನ ಎಂಟಡಿ ಬಿಡಲಿಲ್ಲ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದು ನಾನು ಹೇಳಿದೆ. ಹೇಳಿದ ಮೇಲೆ ನನಗೇ ಒಂದು ಉಪಾಯ ಹೊಳೆಯಿತು. ಬಟ್ಟೆ ಕತ್ತರಿಸುವ ಮೊದಲು ಕಾಗದದ ಮೇಲೆ ಅಳತೆ ಹಾಕುವುದಿಲ್ಲವೇ, ಹಾಗೆ ಮನೆಯಲ್ಲಿದ್ದ ಹಳೆಯ ಹೊದಿಕೆಗಳನ್ನೆಲ್ಲ ತಂದು ಹಿತ್ತಿಲಲ್ಲಿ ಕೊಳವನ್ನೇ ಹಾಸಿಬಿಟ್ಟೆ. ಬಿಳಿಯವು ಕಾಲು ನೆನೆಯುವಷ್ಟು ನೀರು, ನೀಲಿಯವು ಆಳ. ಒಂದು ವಾರ ಸಂಜೆಯ ಚಹಾ ಅದರೊಳಗೇ ಕುಡಿಯಬೇಕು, ಯಾರಿಗೆ ಎಲ್ಲಿ ಇಷ್ಟವೋ ಅಲ್ಲಿ ಕೂರಬಹುದು ಎಂದು ಹುಕುಂ ಮಾಡಿದೆ. ಪಕ್ಕದ ಮನೆಯವರು ಬೇಲಿಯ ಆಚೆಯಿಂದ ನೋಡಿ ನಮಗೆ ತಲೆ ಕೆಟ್ಟಿದೆ ಎಂದೇ ತೀರ್ಮಾನಿಸಿದರು.

ಮೊದಲ ದಿನ ಮಗ ಹಟಕ್ಕೆ ಬಿದ್ದು ನೀಲಿಯಲ್ಲಿ ನಿಂತುಕೊಂಡೇ ಚಹಾ ಕುಡಿದ. ಉಳಿದವರೆಲ್ಲ ಬಿಳಿಯಲ್ಲಿ. ನಿನ್ನ ಭಾವ ಕಾಲು ಚಾಚಿ ಕೂತರು, ಗುಂಡ ಅವರ ಸುತ್ತ ತೆವಳಿ ಈಜಿದ. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಮಗ ಲೋಟ ಹಿಡಿದುಕೊಂಡು ಬಿಳಿಗೆ ಬಂದು, "ಅಷ್ಟು ಆಳದಲ್ಲಿ ನಾನೊಬ್ಬನೇ ನಿಂತು ಏನ್ಮಾಡ್ಲಿ" ಎಂದು ಅಪ್ಪನ ಪಕ್ಕ ಕೂತ. ಧುಮುಕುವ ಹಲಗೆಯ ಕಥೆ ಅಲ್ಲಿಗೆ ಮುಗಿಯಿತು. ಬಿಳಿ ಹೊದಿಕೆ ಇನ್ನೂ ಎರಡು ಬೇಕಾಯಿತು.

ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ನೋಡು. ಮೇಸ್ತ್ರಿ ನೆಲದ ಮೇಲೆ ಅಳತೆಯ ದಾರ ಕಟ್ಟಲು ಬಂದ ದಿನ ಅವರ ಲೆಕ್ಕಕ್ಕೂ ನನ್ನ ಹಾಸಿಗೂ ತಾಳೆಯಾಗಲಿಲ್ಲ. ಇಳಿಜಾರಿನ ಅಗಲ ಎರಡೂ ಕಡೆ ಒಂದೊಂದು ಗೇಣು ಜಾಸ್ತಿ. ಅವರು ಅರ್ಧ ದಿನ ದಾರ ಬಿಚ್ಚಿ ಕಟ್ಟಿ, ಪೆನ್ಸಿಲ್ಲು ಮುರಿದು, ತಪ್ಪು ಎಲ್ಲಿದೆ ಎಂದು ಹುಡುಕಿದರು. ಕೊನೆಗೆ ನಾನು ಒಪ್ಪಿಕೊಳ್ಳಬೇಕಾಯಿತು. ಬೆಳೆಯುವ ಮಕ್ಕಳ ಬಟ್ಟೆಗೆ ಒಳಗೆ ಬಟ್ಟೆ ಮಡಚಿ ಬಿಡುತ್ತೇವಲ್ಲ, ಮುಂದೆ ಬಿಚ್ಚಿಕೊಳ್ಳಲು, ನಾನು ಹಾಗೆ ಚುಕ್ಕಿಗೆಂದು ಬಿಟ್ಟಿದ್ದೆ.

"ಅಮ್ಮ, ನಲವತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ಸಿಮೆಂಟನ್ನ ಬಿಚ್ಚಿ ಅಗಲ ಮಾಡೋಕೆ ಆಗಲ್ಲ" ಎಂದರು ಮೇಸ್ತ್ರಿ. ಆಮೇಲೆ ಆ ಜಾಗದಲ್ಲಿ ನಡೆದು ನೋಡಿ, ಹಿಂದಿರುಗಿ ಮತ್ತೆ ನಡೆದು, "ಇರ್ಲಿ ಬಿಡಿ. ಕುರ್ಚಿ ಪಕ್ಕ ಇನ್ನೊಬ್ಬರು ಕೈ ಹಿಡ್ಕೊಂಡು ಇಳಿಯೋಕೆ ಜಾಗ ಆಯ್ತು. ಇದು ನನಗೇ ಹೊಳೆದಿರಲಿಲ್ಲ" ಅಂದರು. ಹಾಗೆ ನನ್ನ ತಪ್ಪೇ ಕೊಳದ ಅಳತೆಯಾಗಿ ಉಳಿಯಿತು.

ಈಗ ಅದು ಹೇಗಿದೆ ಎಂದು ಕೇಳು. ಹಿಂಬಾಗಿಲಿಂದ ಗೋಡೆಗುಂಟ ಸುತ್ತಿಕೊಂಡು ಕೊಳದವರೆಗೂ ಇಳಿಜಾರೇ. ದಡ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂದು ಗೊತ್ತೇ ಆಗುವುದಿಲ್ಲ. ಮೊದಲು ಪಾದ ನೆನೆಯುತ್ತದೆ, ಆಮೇಲೆ ಕಣಕಾಲು, ನಿಧಾನವಾಗಿ ಸೊಂಟ. ಎರಡೂ ಕಡೆ ಹಿಡಿದುಕೊಳ್ಳಲು ಕಂಬಿ, ಕಾಲು ಜಾರದ ಒರಟು ನೆಲ. ಆಳವಿರುವ ಕಡೆಯೂ ನಿನ್ನ ಭಾವನ ಎದೆಮಟ್ಟವಷ್ಟೇ. ಸುತ್ತ ಬೇಲಿ ಹಾಕಿ ತಾನೇ ಮುಚ್ಚಿಕೊಳ್ಳುವ ಗೇಟು ಇಟ್ಟಿದ್ದಾರೆ, ಅದರ ಚಿಲಕ ನಾನೇ ಕೈಯೆತ್ತಿ ತೆಗೆಯಬೇಕಾದಷ್ಟು ಮೇಲಿದೆ, ಗುಂಡ ಕುರ್ಚಿ ತಂದರೂ ಎಟುಕುವುದಿಲ್ಲ. ಕುರ್ಚಿ ತಂದು ನೋಡಿದ್ದಾನೆ. ನಿನ್ನ ಭಾವ ಇಳಿಜಾರಿನಲ್ಲಿ ಮೂರು ಸಲ ಹೋಗಿ ಬಂದು, "ಸೆಕೆಂಡ್ ಗೇರಲ್ಲಿ ಆರಾಮಾಗಿ ಇಳೀಬಹುದು" ಎಂದು ಒಪ್ಪಿಗೆ ಕೊಟ್ಟರು. ನಿನ್ನೆ ನೀರು ತುಂಬಿತು.

ಇಳಿಜಾರಿಗಾಗಿ ಹಿತ್ತಿಲ ಆರು ಮೆಟ್ಟಿಲನ್ನೂ ಒಡೆಯಬೇಕಾಯಿತು. ಒಡೆಯುವಾಗ ನಾನು ಬಾಗಿಲಲ್ಲೇ ನಿಂತಿದ್ದೆ, ಧೂಳು ಬರುತ್ತೆ ಒಳಗೆ ಹೋಗಿ ಎಂದರೂ ಹೋಗಲಿಲ್ಲ. ಕೊನೆಯ ಕಲ್ಲು ಎತ್ತುವವರೆಗೂ ನೋಡಿದೆ.

ನಿನಗೆ ನಾನು ಎಷ್ಟು ಋಣಿ ಎಂದು ಎಂದಾದರೂ ಹೇಳಿದ್ದೇನೆಯೇ? ತವರಿನಲ್ಲಿ ಒಂದೇ ಹೊಲಿಗೆ ಯಂತ್ರವಿತ್ತು, ಕೆಲಸ ಇಬ್ಬರಿಗೂ ಬರುತ್ತಿತ್ತು, ನಿನ್ನ ಹೊಲಿಗೆ ನನ್ನದಕ್ಕಿಂತ ನೇರವಾಗಿತ್ತು. "ನಂಗೆ ಬೆನ್ನು ನೋಯುತ್ತೆ, ನೀನೇ ಇಟ್ಕೊಳಕ್ಕ" ಎಂದು ಸುಳ್ಳು ಹೇಳಿ ನನಗೆ ಬಿಟ್ಟುಕೊಟ್ಟೆ. ಆ ಯಂತ್ರದಿಂದಲೇ ನನ್ನ ಸಂಸಾರ ನಿಂತಿತು. ಇನ್ನೊಂದು ಇದೆ. ಚುಕ್ಕಿ ಬಿದ್ದ ಮೂರನೆಯ ದಿನ ಆಸ್ಪತ್ರೆಯಿಂದ ನೀನು ಫೋನು ಮಾಡಿ, "ಅಕ್ಕ, ಊಟ ಮಾಡ್ತಿದೀಯಾ?" ಎಂದು ಕೇಳಿದೆ. ನೀನು ನನ್ನನ್ನು ಕೇಳಿದೆ. ಇವತ್ತಿನವರೆಗೆ ನನ್ನ ಮೇಲೆ ಒಂದು ಮಾತು ಎತ್ತಿದವಳಲ್ಲ. ಆ ಒಳ್ಳೆಯತನವೇ ನನ್ನನ್ನು ನಿನ್ನೆದುರು ಕೂರಗೊಡುವುದಿಲ್ಲ ಎಂದರೆ ನಂಬುತ್ತೀಯಾ.

ಬನ್ನಿ. ಬಿಸಿಲು ಏರುವ ಮೊದಲೇ ಬನ್ನಿ. ನಿನ್ನ ಮಂಚ ಕಿಟಕಿಯ ಪಕ್ಕ ಹಾಕಿಸಿದ್ದೇನೆ, ಚುಕ್ಕಿಯ ಕೋಣೆಯ ಬಾಗಿಲು ಅಗಲ ಮಾಡಿಸಿದ್ದೇನೆ. ಆದರೆ ಕಾಗದವನ್ನು ಕೊನೆಯವರೆಗೂ ಓದಿ ಆಮೇಲೆ ತೀರ್ಮಾನ ಮಾಡು. ಬರುವುದಿಲ್ಲ ಎಂದರೂ ನಿನ್ನ ಮೇಲೆ ನನ್ನ ಪ್ರೀತಿ ಒಂದು ದಾರದಷ್ಟೂ ಕಡಿಮೆಯಾಗುವುದಿಲ್ಲ. ನಿನ್ನ ಯಜಮಾನರಿಗೆ ನಮ್ಮೆಲ್ಲರ ನಮಸ್ಕಾರ ತಿಳಿಸು. ಚುಕ್ಕಿ ನೂರು ವರ್ಷ ನಗುತ್ತಾ ಬಾಳಲಿ, ಅವಳ ತಲೆ ನೇವರಿಸಿ ದೊಡ್ಡಮ್ಮನ ಆಶೀರ್ವಾದ ಎಂದು ಹೇಳು.

ಎಂದೆಂದಿಗೂ ನಿನ್ನ,
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಇಷ್ಟು ಹೊತ್ತೂ ಸುತ್ತಿ ಬಳಸಿ ತಪ್ಪಿಸಿಕೊಂಡದ್ದು. ಪ್ರತಿ ವರ್ಷ ನಿಮ್ಮಲ್ಲಿಗೆ ಬರುವಾಗ ನಾನು ಚುಕ್ಕಿಗೆ ಅಂಗಡಿಯ ಬಟ್ಟೆ ತರುತ್ತೇನೆ. "ದರ್ಜಿ ದೊಡ್ಡಮ್ಮ ಇದ್ದೂ ಅಂಗಡಿ ಬಟ್ಟೇನಾ" ಎಂದು ನೀನು ನಗುತ್ತೀಯ. ಅವಳ ಮೈಗೆ ಟೇಪು ಹಿಡಿಯಲು ನನ್ನ ಕೈ ಏಳುವುದಿಲ್ಲ, ಅದಕ್ಕೆ. ನನ್ನ ಅಳತೆ ಪುಸ್ತಕದಲ್ಲಿ ಅವಳಿಗೆ ಇನ್ನೂ ಎಂಟೇ ವರ್ಷ.

ಆ ದಿನ ಅವಳು ಆಡುತ್ತಾ ಓಡಿ ಬಿದ್ದಳು ಎಂದು ನಾನು ಹೇಳಿದ್ದು ಸುಳ್ಳು. ನಾನು ಹಿತ್ತಿಲ ಬೆಳಕಿನಲ್ಲಿ ಕೂತು ಯಾರದೋ ಮದುವೆಯ ಉಡುಪಿನ ಅಂಚು ಹೊಲಿಯುತ್ತಿದ್ದೆ, ಅವಸರದ ಕೆಲಸ. ಒಳಗಿದ್ದ ಅವಳಿಗೆ "ಚುಕ್ಕಿ, ಟೇಪು ತಾ, ಬೇಗ, ಓಡಿ ಬಾ" ಎಂದು ಕೂಗಿದೆ. ಮೆಟ್ಟಿಲು ತೊಳೆದು ಒದ್ದೆಯಿತ್ತು, ತೊಳೆದವಳೂ ನಾನೇ. ಅವಳು ನಿಧಾನವಾಗಿಯೇ ಬರುತ್ತಿದ್ದಳು. "ಓಡೇ" ಎಂದು ಇನ್ನೊಮ್ಮೆ ಕೂಗಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆಸ್ಪತ್ರೆಯಲ್ಲಿ ನೀನು ಅಳುತ್ತಾ ಅವಳಿಗೆ, "ಓಡಬೇಡ ಅಂತ ಎಷ್ಟು ಸಲ ಹೇಳಿಲ್ಲ ನಿಂಗೆ" ಅಂದೆ. ಅವಳು ನಿನ್ನ ಹಿಂದೆ ನಿಂತಿದ್ದ ನನ್ನನ್ನು ನೋಡಿದಳು. ನಾನು ಏನೂ ಹೇಳಲಿಲ್ಲ. ಅವಳೂ ಹೇಳಲಿಲ್ಲ. ಎಂಟು ವರ್ಷದ ಮಗು ನನ್ನ ಮಾನ ಕಾಪಾಡಿತು, ಆರು ವರ್ಷ ನಿನ್ನ ಬೈಗುಳ ತಿಂದು ಕಾಪಾಡಿತು. ಈ ಜನ್ಮದಲ್ಲಿ ಯಾರಿಗಾದರೂ ನಾನು ಕೈಮುಗಿಯಬೇಕಿದ್ದರೆ ಅವಳಿಗೆ. ಇದನ್ನು ಅವಳೆದುರೇ ಗಟ್ಟಿಯಾಗಿ ಓದು. ಅವಳ ತಪ್ಪು ಏನೂ ಇರಲಿಲ್ಲ ಎಂದು ನಿನ್ನ ಬಾಯಿಂದ ಅವಳು ಕೇಳಬೇಕು.

ಕುರ್ಚಿಯ ಅಗಲ ಕೇಳಿದ್ದಕ್ಕೆ ಅವಳು ಸೊಸೆಗೆ ಬರೆದು ಕಳಿಸಿದ್ದು ಇಷ್ಟು: "ಇಪ್ಪತ್ತೈದು ಇಂಚು. ದೊಡ್ಡಮ್ಮನ ಟೇಪಲ್ಲೇ ಅಳೆದೆ ಅಂತ ಹೇಳಿ. ಆವತ್ತಿಂದ ನನ್ನ ಹತ್ರಾನೇ ಇದೆ." ಅದನ್ನು ಓದಿದ ದಿನದಿಂದಲೇ ನನಗೆ ಈ ಕಾಗದ ಬರೆಯಲು ಕೈ ಬರಲಿಲ್ಲ, ಬರೆಯದೆ ಇರಲೂ ಆಗಲಿಲ್ಲ.

ನೀವು ಬರುವುದಾದರೆ, ಆ ಟೇಪು ತರಲು ಅವಳಿಗೆ ಹೇಳು. ನಿಧಾನವಾಗಿ ತರಲಿ, ಅವಸರವೇನಿಲ್ಲ.