ಮುಂದೆ ಹದಿನೈದು ಗಜ

4 ನವೆಂಬರ್ 2008, ಮಂಗಳವಾರ, ಮಧ್ಯಾಹ್ನ 3.20

ಮತ್ತೆ ಹದಿನೆಂಟನೇ ಗಜದಲ್ಲೇ ಬಿದ್ದ. ಮೈದಾನ ನೂರು ಗಜ. ಒಂಬತ್ತು ಸಲ ಚೆಂಡು ಹಿಡಿದ, ಒಂಬತ್ತು ಸಲವೂ ಅಲ್ಲೇ. ಮ್ಯಾಚ್ ಹನ್ನೆರಡೂವರೆಗೆ, ಕರೆಂಟ್ ಹೋಗುವುದು ಹನ್ನೆರಡಕ್ಕೆ. ಮೂರಕ್ಕೆ ಬಂದ ಮೇಲೆ ರಿಪ್ಲೇ ನೋಡಿ ಹಣೆ ಚಚ್ಚಿಕೊಳ್ಳುವುದು.

ಐವತ್ತಾರನೇ ವಯಸ್ಸಿಗೆ ನನಗೆ ಅಮೆರಿಕದ ಫುಟ್‌ಬಾಲ್! ಅದೂ ಇಂಟರ್ನೆಟ್ಟಿನಲ್ಲಿ. ಒಬ್ಬೊಬ್ಬರಿಗೆ ಒಬ್ಬೊಬ್ಬ ಆಟಗಾರ. ಅವನ ಬಲಕ್ಕೋ ವೇಗಕ್ಕೋ ಪಾಯಿಂಟು ಹಾಕಿ, ಸೂಚನೆ ಕೊಟ್ಟು ಕೂರಬೇಕು, ಆಡುವುದು ಕಂಪ್ಯೂಟರೇ. ಎದುರಿನವರು ಒದ್ದ ಚೆಂಡು ಹಿಡಿದು ಓಡುವವನು ಅಭಯ, ನಮ್ಮಣ್ಣನ ಮಗ. ಅವನ ಮೇಲೆ ಬೀಳುವವರನ್ನು ತಡೆಯುವವಳು ನಾನು. ತಡೆಯುವವರಿಗೆ ಹೆಸರಿಲ್ಲ, ಅಂಕವಿಲ್ಲ. ಅದಕ್ಕೇ ಯಾರೂ ಸಿಗಲಿಲ್ಲವಂತೆ. ಸಿಕ್ಕವಳು ಅವನ ಅತ್ಯಾ, ನಾನು.

ಕೋಡ್ಲಾದಲ್ಲಿ ಲ್ಯಾಬಿನ ಕೆಲಸ ಅವನಿಗೆ. ಬೈಕ್ ಜಾರಿ, ಕಾಲಿಗೆ ರಾಡ್ ಹಾಕಿಸಿಕೊಂಡು ನಮ್ಮ ಮನೆಗೆ ಬಂದು ಮೂರು ತಿಂಗಳು. ಎಲುಬು ಕೂಡಿದೆ. ಡಿಸೆಂಬರ್ ಒಂದಕ್ಕೆ ನಡೆದುಕೊಂಡು ಡ್ಯೂಟಿಗೆ ಹೋಗದಿದ್ದರೆ ಕೆಲಸ ಇನ್ನೊಬ್ಬನಿಗೆ. ಇವನೋ ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ. ಅದೂ ನನ್ನ ಹೆಗಲ ಮೇಲೆ. ಶರತ್ತು ಬೇರೆ: "ಒಂದ್ ಸಲ ಚೆಂಡು ಕೊನೀ ಗೆರಿ ತನಕಾ ಒಯ್ತೀನಿ. ಅವತ್ತ ನಡೀತೀನಿ."

ಸುಡಲಿ ಅವನ ಶರತ್ತು.

7 ನವೆಂಬರ್

ಫಿಜಿಯೋಥೆರಪಿಯ ಜಿಲಾನಿ ಬಂದಿದ್ದರು. ಅಭಯನನ್ನು ಎಬ್ಬಿಸಿ ಕೈಗೆ ಕೋಲು ಕೊಟ್ಟರು. ನಾನು ರಟ್ಟೆ ಹಿಡಿದೆ.

"ಅಕ್ಕೋರೆ, ಕೈ ಬಿಡ್ರಿ."

ಬಿಟ್ಟೆ. ವಾಲಿದ. ಹಿಡಿದೆ.

"ಮತ್ತ ಹಿಡದ್ರಿ ನೋಡ್ರಿ! ಹಿಂಗಾದ್ರ ಹೆಂಗ?"

ನನ್ನ ಮೇಲೇ ರೇಗಿದರು. ಪರಸಿ ಕಲ್ಲಿನ ನೆಲ, ಎಣ್ಣೆ ಹಚ್ಚಿದಂತಿದೆ. ಬಿದ್ದರೆ ಇವರು ಬರುತ್ತಾರೆಯೆ ಎತ್ತಲಿಕ್ಕೆ?

ಈ ವಾರದ ಪಾಯಿಂಟೆಲ್ಲ ಬಲಕ್ಕೆ ಹಾಕಿದೆ. ಇನ್ನು ನನ್ನ ಆಟಗಾರ ಗೂಳಿ.

8 ನವೆಂಬರ್

ಹದಿನೇಳನೇ ಗಜ. ಗೂಳಿಯಂತೆ!

11 ನವೆಂಬರ್

ಟೀಮಿನ ಕ್ಯಾಪ್ಟನ್ — ಟೆಕ್ಸಾಸಿನವನಂತೆ — ಬರೆದಿದ್ದಾನೆ. ಇನ್ನೆರಡು ಮ್ಯಾಚ್ ನೋಡಿ ಓಡುವವನನ್ನೇ ಬದಲಿಸುತ್ತಾನಂತೆ. ಅಭಯ ತಾಟಿನಲ್ಲೇ ಕೈ ತೊಳೆದ.

"ಅಲ್ಲೂ ನಾ ಕುಂಟನೇ ಆದೆ ನೋಡು."

ಸಿಟ್ಟು ಬಂದು ಬಾಯಿಗೆ ಬಂದದ್ದು ಬೈದೆ. ಆಮೇಲೆ ಅಡುಗೆಮನೆಯಲ್ಲಿ ನನಗೇ ಅಳು.

17 ನವೆಂಬರ್, ಸೋಮವಾರ, ಸಂಜೆ

ಐದು ದಿನ ಬರೆಯಲಿಲ್ಲ. ತಾಟು ಅವನ ಮುಂದಿಟ್ಟು ಬರುವುದು, ಅಷ್ಟೆ.

ಇಂದು ರಿಪ್ಲೇ ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಆಟಗಾರರೆಂದರೆ ನಂಬರು ಬರೆದ ಚುಕ್ಕೆಗಳು. ಅಭಯ ಒಂದರ ಮೇಲೆ ಬೆರಳಿಟ್ಟ.

"ಇದ್ಯಾರು, ನನ್ನ ಎದಿಗೆ ಹತ್ತಿ ನಿಂತದ್ದು?"

ಅರವತ್ತಮೂರು. ನಾನು. ಓಡಿ ಬಂದವನು ನನ್ನ ಬೆನ್ನಿಗೇ ಢಿಕ್ಕಿ ಹೊಡೆಯುತ್ತಿದ್ದಾನೆ! ಎದುರಿನವರು ನಿಧಾನವಾಗಿ ಬಂದು ಅವನ ಮೇಲೆ ಬೀಳುತ್ತಾರೆ, ಅಷ್ಟೆ.

"ನನ್ನಿಂದ ಎಷ್ಟ್ ದೂರ ಇರು ಅಂತ ಹಾಕೀದಿ ಇದಕ್ಕ?"

"ಒಂದು ಗಜ."

"ಒಂದಾ! ಯಾಕ?"

"ಮಗ್ಗಲಕ್ಕ ಇರಬ್ಯಾಡೇನು ಮತ್ತ? ನೀ ಬಿದ್ರ?"

"ಹಾದಿ ಬಿಡು ಅತ್ಯಾ! ಹದಿನೈದ್ ಗಜ ಮುಂದ ಹೋಗು, ಬರೋರ್ನ ಅಲ್ಲೇ ತಡಿ. ನನ್ನ ಕಾಯ್ಕೋತ ಇಲ್ಲೇ ನಿಂತ್ರ ನಾ ಎಲ್ಲಿಂದ ಓಡ್ಲಿ?"

ಮೂವತ್ತು ವರ್ಷ ಗಣಿತ ಕಲಿಸಿದ್ದೇನೆ. ಒಂದಕ್ಕೂ ಹದಿನೈದಕ್ಕೂ ಇರುವ ಅಂತರ ಇವನಿಂದ ಹೇಳಿಸಿಕೊಳ್ಳಬೇಕಾಯಿತು. ಹದಿನೈದು ಎಂದೇ ಹಾಕಿದೆ. ಸಿಟ್ಟಿನಲ್ಲೇ.

20 ನವೆಂಬರ್, 3.10

ನಲವತ್ತೊಂದು ಗಜ! ನನ್ನ ಚುಕ್ಕೆ ಎಲ್ಲೋ ದೂರದಲ್ಲಿ ಇಬ್ಬರನ್ನು ಕೆಡವಿತು. ಅಭಯ ಟೇಬಲ್ ಗುದ್ದಿದ ಹೊಡೆತಕ್ಕೆ ಚಹಾ ಚೆಲ್ಲಿತು. ಟೆಕ್ಸಾಸಿನಿಂದ ಶಭಾಷ್ ಬಂತು, ಓಡಿದವನಿಗೆ. ತಡೆದವಳನ್ನು ಕೇಳುವವರಾರು?

"ಇನ್ನ ನಡಿ" ಎಂದೆ.

"ಕೊನೀ ಗೆರಿ ಎಲ್ಲಿ ಮುಟ್ಟೀನಿ? ಶರತ್ತಂದ್ರ ಶರತ್ತು."

ಇವನಿಗೆ ಹೇಳುವುದಕ್ಕಿಂತ ಗೋಡೆಗೆ ಹೇಳುವುದು ವಾಸಿ.

21 ನವೆಂಬರ್, ಬೆಳಿಗ್ಗೆ 11

ಜಿಲಾನಿ ಬಂದಿದ್ದಾರೆ. ಎಂದಿನಂತೆ ರಟ್ಟೆಗೆ ಕೈ ಹಾಕಿದೆ. ಅಭಯ ಸರಿಸಿಬಿಟ್ಟ.

"ನೀ ಮುಂದ ಹೋಗಿ ಬಾಗಲದಾಗ ಕುಂದ್ರು. ಹೊಳ್ಳಿ ನೋಡಿದ್ರ ನಾ ಇಲ್ಲೇ ಕುಂದ್ರತೀನಿ."

ಇದೊಂದು ಹೊಸ ಶರತ್ತು!

ಹೊಸ್ತಿಲ ಮೇಲೆ ಕೂತಿದ್ದೇನೆ — ಕೂರಬಾರದೆಂದು ಊರಿಗೆಲ್ಲ ಹೇಳುವವಳು. ಕೈ ಸುಮ್ಮನಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಹಾಸಿಗೆಯಿಂದ ಇಲ್ಲಿಗೆ ಎಂಟು ಗಜ ಇರಬಹುದು.

ಟಕ್. ಪರಸಿಯ ಮೇಲೆ ಕೋಲು.

ಟಕ್.

ಸದ್ದಿಲ್ಲ... ವಾಲಿದನೋ ಏನೋ. ಈ ಜಿಲಾನಿ ಯಾಕೆ ಬಾಯಿ ಹೊಲಿದುಕೊಂಡಿದ್ದಾರೆ? ಕತ್ತು ತಾನಾಗಿ ತಿರುಗುತ್ತಿದೆ. ತಿರುಗಬಾರದು. ಶ್ರೀಹರಿ...

ಟಕ್. ಟಕ್. ಹತ್ತಿರ. ಏದುಸಿರು ಕೇಳುತ್ತಿದೆ, ನನ್ನ ತಲೆಯ ಮೇಲೇ —

"ಹಾದಿ ಬಿಡು ಅತ್ಯಾ."