ಐದು ದಿನದ ಹಳೆಯ ನೀಲಿ

ಭಾನುವಾರ, ೧೭ನೇ ತಾರೀಕು

ಪ್ರೀತಿಯ ಅಕ್ಕಾ,

ಭಾವನ ಬಾಯಿಂದ ಉಸಿರಾಟದ ನಳಿಕೆ ತೆಗೆದರು, ಎರಡು ಚಮಚ ನೀರು ಕುಡಿದರು ಎಂದು ಬೆಳಿಗ್ಗೆ ನೀನು ಹೇಳಿದಾಗ ನಾನು ಅತ್ತುಬಿಟ್ಟೆ. ಖುಷಿಗೆ ಎಂದುಕೊಂಡೆ ನೀನು. ಖುಷಿಯೊಂದೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಎದುರು ನಿಂತು ಹೇಳುವ ಎದೆ ನನಗಿಲ್ಲ.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ಉಪಗ್ರಹ ತೆಗೆದ ಕಡಲಿನ ಚಿತ್ರ ನೋಡಿ, ನಕ್ಷೆಯಲ್ಲಿ ಒಳ್ಳೆಯ ನೀರಿಗೆ ನೀಲಿ, ವಿಷದ ಪಾಚಿ ಹಬ್ಬುತ್ತಿರುವ ಕಡೆ ಕೆಂಪು ಬಳಿದು ಎಚ್ಚರಿಸುವುದು. "ಬಚ್ಚಲ ಪಾಚಿ ಕಾಣಲ್ಲ ಇವಳಿಗೆ, ಕಡಲಿಂದು ಕಾಣತ್ತಂತೆ" ಎಂದು ನಗುತ್ತಿದ್ದೆಯಲ್ಲ. ಹತ್ತೊಂಬತ್ತು ಕೊಲ್ಲಿಗಳು, ಜೊತೆಯವಳು ಹೆರಿಗೆ ರಜೆಯಲ್ಲಿ. ಎಂಟು ತಿಂಗಳಿಂದ ಒಬ್ಬಳೇ ನೋಡಿ ನೋಡಿ ಕಣ್ಣು ಬೆಂದುಹೋಗಿದೆ.

೯ನೇ ತಾರೀಕು ಶನಿವಾರದಿಂದ ಮೋಡ. ಮೋಡದಡಿ ಉಪಗ್ರಹಕ್ಕೂ ಕುರುಡು. ಅಂಥ ಕಡೆ ಕಂಪ್ಯೂಟರ್ ಹಿಂದಿನ ಬಣ್ಣವನ್ನೇ ತುಂಬಿಬಿಡುತ್ತದೆ. ನಾನು ಅದನ್ನು ತೆಗೆದು 'ಕಾಣಲಿಲ್ಲ' ಎಂದು ಗುರುತು ಹಾಕಿ, ದೋಣಿ ಕಳಿಸಿ ಪರೀಕ್ಷೆಗೆ ನೀರು ತರಿಸಬೇಕು. ದೋಣಿಗೆ ಅರ್ಜಿ, ಅರ್ಜಿಗೆ ಸಹಿ, ಸಹಿಗೆ ಹತ್ತು ಫೋನು. ಸಾಕಾಗಿತ್ತು ಅಕ್ಕಾ. ಹಳೆಯ ಬಣ್ಣವನ್ನೇ ಬಿಟ್ಟುಬಿಟ್ಟೆ.

ಬುಧವಾರ ಭಾವ ಫೋನ್ ಮಾಡಿದರು. "ಪುಟ್ಟೀ, ನಾಳೆ ಕಪ್ಪೆಚಿಪ್ಪು ಹೆಕ್ಕೋಕೆ ಹೋಗ್ಬೇಕು. ನೀರು ಹೇಗಿದೆ, ನೋಡಿ ಹೇಳಮ್ಮ."

"ನೀಲೀನೇ ಇದೆ ಭಾವ, ಹೋಗಿ ಬನ್ನಿ" ಎಂದೆ. ಆ ನೀಲಿ ಐದು ದಿನ ಹಳೆಯದು.

ಗುರುವಾರ ಮೋಡ ಸರಿಯಿತು. ಕೊಲ್ಲಿಯ ತುಂಬ ಕೆಂಪು. ನೀನು ಹೊಲಿಗೆ ಅಂಗಡಿಯಲ್ಲಿದ್ದೆ. ನಾನು ಫೋನ್ ಮಾಡುವಷ್ಟರಲ್ಲಿ ಭಾವ ಒಬ್ಬರೇ ಕೂತು ಒಂದು ಬೋಗುಣಿ ಚಿಪ್ಪು ಬೇಯಿಸಿ ತಿಂದಾಗಿತ್ತು. ಪಾಚಿ ತಿಂದ ಚಿಪ್ಪಿನೊಳಗೆ ಕೂರುವ, ಕುದಿಸಿದರೂ ಹೋಗದ ವಿಷ ಅದು. "ತುಟಿ ಜುಮ್ ಅಂತಿದೆ ಕಣೇ, ನಾಲಿಗೆ ನಂದೇ ಅಲ್ಲ ಅನ್ಸತ್ತೆ" ಎಂದು ನಕ್ಕರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವರಿಗೆ ಉಸಿರೆಳೆಯಲೂ ಆಗುತ್ತಿರಲಿಲ್ಲ.

ಡಾಕ್ಟರಿಗೆ ಯಾವ ವಿಷವೆಂದು ತಕ್ಷಣ ಹೇಳಿದೆನೆಂದು, ಪೇಟೆಗೆ ಹೊರಟಿದ್ದ ಚಿಪ್ಪಿನ ಬುಟ್ಟಿಗಳನ್ನು ತಡೆಸಿದೆನೆಂದು ಎಲ್ಲರೂ ಹೊಗಳುತ್ತಿದ್ದಾರೆ. ನೀನಂತೂ ನನ್ನ ಎರಡೂ ಕೈ ಹಿಡಿದು, "ನೀನಿದ್ದೆ, ಅದಕ್ಕೇ ಉಳ್ಕೊಂಡ್ರು" ಎಂದು ಅತ್ತೆ. ನಾನು ಹೂಂ ಎಂದೆ.

ನಾಳೆ ಮೇಲಿನವರಿಗೂ ಬರೆದುಕೊಡುತ್ತೇನೆ. ಕೆಲಸ ಹೋದರೆ ಹೋಗಲಿ, ನಿದ್ದೆಯಾದರೂ ಬಂದೀತು. ನೀನು ಬಾಯಿಗೆ ಬಂದಂತೆ ಬೈ. ಮಾತು ಮಾತ್ರ ಬಿಡಬೇಡ.

ನಿನ್ನ ತಂಗಿ,
ಪುಟ್ಟಿ

ಸಹಿ ಹಾಕಿದ ಮೇಲೆ: ಇಷ್ಟು ಬರೆದೂ ಒಂದನ್ನು ಬಚ್ಚಿಟ್ಟೆ. ಗುರುವಾರ ಆ ಕೆಂಪು ಕಂಡಾಗ ಗಂಟೆ ಹನ್ನೊಂದು. ನಾನು ಮೊದಲು ಫೋನ್ ಎತ್ತಲಿಲ್ಲ. ಬುಧವಾರದ ನಕ್ಷೆ ತೆರೆದು, ನೀಲಿ ಅಳಿಸಿ, 'ಕಾಣಲಿಲ್ಲ' ಎಂದು ತಿದ್ದುತ್ತ ಕೂತೆ. ತಿದ್ದಿ ಮುಗಿಸಿ ಭಾವನಿಗೆ ಫೋನ್ ಮಾಡಿದಾಗ ಹನ್ನೆರಡು. ಅವರು ತಟ್ಟೆಯ ಮುಂದೆ ಕೂತದ್ದು ಹನ್ನೊಂದೂವರೆಗೆ.