ಬೀರುವಿನ ಮುಂದೆ ಹಾಡಿದ್ದು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮ,

ಕಾಗದ ಬರೆಯುತ್ತಿರುವುದಕ್ಕೇ ಮೊದಲು ಕ್ಷಮಿಸು. ಕೈಯಲ್ಲಿ ಫೋನಿರುವಾಗ ಇದೇನು ಅಂತ ಗಾಬರಿಯಾಗಬೇಡ, ಜ್ವರ ಗಿರ ಏನೂ ಇಲ್ಲ. ಫೋನಿನಲ್ಲಿ ನೀನು "ಊಟ ಆಯ್ತಾ" ಅನ್ನುತ್ತೀಯ, ನಾನು "ಆಯ್ತು" ಅನ್ನುತ್ತೇನೆ, ಅಲ್ಲಿಗೆ ಇಬ್ಬರ ಸ್ಟಾಕೂ ಖಾಲಿ. ನನ್ನದು ಹಾಸ್ಟೆಲ್ ಕನ್ನಡ, ಒತ್ತಕ್ಷರ ತಪ್ಪಿದ್ದರೆ ಅಪ್ಪನಿಗೆ ತೋರಿಸಬೇಡ, ಪ್ಲೀಸ್.

ನೀನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ ಹಾಡಿನ ಸುದ್ದಿ ಹೇಳಬೇಕು. ಬಟ್ಟೆಗಳು ಪ್ರತಿಧ್ವನಿಯನ್ನು ನುಂಗುತ್ತವೆ, ಬೀರು ತೆರೆದಿಟ್ಟು ಅದರ ಮುಂದೆ ನಿಂತು ಹಾಡು ಅಂದಿದ್ದೆನಲ್ಲ, ಹಾಗೇ ಮಾಡಿದ್ದೀಯ. ಹಿಂದಿನಿಂದ ಅಪ್ಪ "ಯಾರಿಗೆ ಹಾಡ್ತಿದ್ದೀಯೇ, ನನ್ನ ಪ್ಯಾಂಟಿಗಾ?" ಅಂದದ್ದೂ ರೆಕಾರ್ಡ್ ಆಗಿದೆ!

ಒಬ್ಬರ ಧ್ವನಿಯನ್ನು ಸ್ಟುಡಿಯೋ ಯಂತ್ರಗಳಲ್ಲಿ ಹಾಯಿಸಿ ಚೊಕ್ಕ ಮಾಡುವುದೇ ನಮ್ಮ ಸೌಂಡ್ ಕೋರ್ಸಿನ ಮೊದಲ ಪರೀಕ್ಷೆ. ಫೇಲಾದರೆ ಈ ವರ್ಷ ಸ್ಟುಡಿಯೋ ಬಾಗಿಲು ಬಂದ್. ಗೇಟ್ ಅಂತ ಒಂದು ಪೆಟ್ಟಿಗೆ ಇದೆ, ಥೇಟ್ ನಮ್ಮ ಹಾಸ್ಟೆಲ್ ವಾರ್ಡನ್: ಸಣ್ಣಪುಟ್ಟ ಸದ್ದುಗಳನ್ನು ಒಳಗೇ ಬಿಡುವುದಿಲ್ಲ. ಫ್ಯಾನು, ಅಪ್ಪ ಎಲ್ಲ ಹೊರಗಿರಲಿ ಅಂತ ಭಯಕ್ಕೆ ಅದರ ಗುಂಡಿಯನ್ನು ತಿರುಗಿಸಿಯೇ ತಿರುಗಿಸಿದೆ.

ಮೇಷ್ಟ್ರು ಕಣ್ಣು ಮುಚ್ಚಿ ಕೇಳಿದರು. ಅವರಿಗೆ ನಾವಿಟ್ಟ ಹೆಸರು ಬಾವಲಿ, ಅಷ್ಟು ಚುರುಕು ಕಿವಿ.

"ಯಾರು ಹಾಡಿರೋದು?"

"ನಮ್ಮಮ್ಮ, ಸರ್."

"ಆರೋಗ್ಯವಾಗಿದ್ದಾರೆ ತಾನೇ? ಒಂದ್ಸಲಾನೂ ಉಸಿರೇ ಎಳ್ಕೊಂಡಿಲ್ವಲ್ಲಮ್ಮ!"

ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಫ್ಯಾನಿನ ಜೊತೆ ನಿನ್ನ ಉಸಿರನ್ನೂ ನನ್ನ ವಾರ್ಡನ್ ಆಚೆ ಹಾಕಿತ್ತು! ನೆಲ ಬಾಯಿಬಿಡಬಾರದೇ ಅನ್ನಿಸಿತು. "ಮುಖ ಯಾಕೆ ಹಾಗ್ ಮಾಡ್ತೀಯಾ, ಬಾಗಿಲು ತೆಗಿ," ಅಂದರು. ಗೇಟ್ ಸಡಿಲಿಸಿದೆ. ಆಮೇಲೆ ಕಂಪ್ರೆಸರ್. ಅದು ಜೋರು ದನಿಯನ್ನು ಅದುಮುತ್ತದೆ. ಆಗ ಇಡೀ ಹಾಡನ್ನು ಮೇಲೆತ್ತಿದರೆ ಮೆಲುದನಿಯೂ ಹತ್ತಿರ ಬರುತ್ತದೆ. ಸಾಲು ಶುರುವಾಗುವ ಮುಂಚೆ ನೀನು ಉಸಿರೆಳೆದುಕೊಂಡದ್ದು ಕೇಳಿಸಿತು ನೋಡು, ಅಮ್ಮಾ, ನೀನೇ ಪಕ್ಕದಲ್ಲಿ ಬಂದು ನಿಂತ ಹಾಗಾಯಿತು. ಜೊತೆಗೇ ಒಳಬಂದ ಅಪ್ಪನ ಪ್ಯಾಂಟಿನ ಮಾತಿಗಂತೂ ಚಪ್ಪಾಳೆ. ಪಾಸಾದೆ!

"ಅವರನ್ನ ಕರ್ಕೊಂಡು ಬಾ, ದೊಡ್ಡ ಮೈಕಲ್ಲಿ ಹಾಡಿಸೋಣ. ಬೀರು ತರೋದು ಬೇಡ ಅಂತ ಹೇಳು," ಅಂದರು ಮೇಷ್ಟ್ರು. ತಿಂಗಳ ಕೊನೆಯ ಶನಿವಾರ ಸ್ಟುಡಿಯೋ ನನಗೆ ಸಿಕ್ಕಿದೆ. ಬಾ ಅಮ್ಮ. "ನನ್ನದೂ ಒಂದು ಧ್ವನೀನಾ" ಅಂತ ರಾಗ ಎಳೆಯಬೇಡ.

ಅಪ್ಪನಿಗೂ ಪ್ಯಾಂಟಿಗೂ ನಮಸ್ಕಾರ. ನಿನ್ನ ಆಶೀರ್ವಾದ ನನ್ನ ಕಿವಿಗಳ ಮೇಲಿರಲಿ.

ನಿನ್ನ
ಪಿಟೀಲು

ತಾ.ಕ.: ಇದನ್ನು ಬರೆಯುವುದೋ ಬೇಡವೋ ಅಂತ ಪೆನ್ನು ಕಚ್ಚುತ್ತಾ ಕೂತಿದ್ದೆ. ಹಾಡು ಮುಗಿದ ಮೇಲೂ ನಿನ್ನ ಫೋನ್ ಆನ್ ಇತ್ತಮ್ಮ. ಅಪ್ಪನಿಗೆ ಪಿಸುಗುಟ್ಟಿದ್ದೀಯ: "ಅವಳು ಚಿಕ್ಕೋಳಿದ್ದಾಗ ಹಾಸ್ಟೆಲಲ್ಲಿ ಬಿಟ್ಟ ದಿನ ಇದನ್ನೇ ಹಾಡು ಅಂತ ಕೈ ಹಿಡ್ಕೊಂಡಿದ್ಲು ರೀ. ಬಸ್ ಹೋಗ್ಬಿಡುತ್ತೆ ಅಂತ ಬಿಡಿಸ್ಕೊಂಡು ಬಂದ್ಬಿಟ್ಟೆ. ಈಗ್ಯಾಕೆ ಇದನ್ನೇ ಕೇಳಿದ್ಲೋ." ಕ್ಲಾಸೆಲ್ಲ ಹೋದ ಮೇಲೆ ಹೆಡ್‌ಫೋನಿನಲ್ಲಿ ನಾನೊಬ್ಬಳೇ ಕೇಳಿದೆ. ಇದೇ ಹಾಡು ಯಾಕೆ ಬೇಕಿತ್ತು ಅಂದರೆ, ನನಗೆ ಮೊದಲ ಸಾಲು ಮಾತ್ರ ನೆನಪಿತ್ತು. ಅಷ್ಟು ವರ್ಷವೂ ಹೊದಿಕೆಯೊಳಗೆ ಅದೊಂದನ್ನೇ ಹಾಡಿಕೊಂಡು ಮಲಗುತ್ತಿದ್ದೆ. ಈಗ ಎರಡನೆಯದೂ ಬರುತ್ತದೆ. ಶನಿವಾರ ಬಾ, ವಾಪಸ್ ಬಸ್ಸು ಭಾನುವಾರ ಸಂಜೆಗೆ ನೋಡು. ಬರುತ್ತೀಯಾ ಇಲ್ಲವಾ, ಬೇಗ ಉತ್ತರ ಬರೆ.